ಹುಳುಮನೆಯಂಥ ಓದುಮನೆ

ನಮ್ಮ ಕಾಲೇಜಿಗೆ ಹೊಸ ಓದುಮನೆ ಕಟ್ಟಬೇಕೆಂಬ ಮಾತು ಎದ್ದಾಗ ಪ್ರಾಂಶುಪಾಲರ ಕೋಣೆಯ ಗೋಡೆಗೆ ಒಂದು ಚಿತ್ರ ಬಂತು. ಬೆಂಗಳೂರಿನ ಎಂಜಿನಿಯರು ಕಳಿಸಿದ್ದು. ನೀಲಿ ಗಾಜಿನ ಕಟ್ಟಡ, ಮುಂದೆ ಹುಲ್ಲುಹಾಸು, ಮೇಲೆ ನಮ್ಮ ಕಡೆ ಎಂದೂ ಕಾಣದಂಥ ಮೋಡಗಳು. ಚಿಕ್ಕಬಳ್ಳಾಪುರದಿಂದ ಮುದ್ದೇನಹಳ್ಳಿ ಕಡೆ ಹೋಗುವ ದಾರಿಯ ನಮ್ಮ ಬಯಲಿನಲ್ಲಿ ಅದನ್ನು ಮನಸ್ಸಿನಲ್ಲೇ ನಿಲ್ಲಿಸಿ ನೋಡಿದೆ. ನಿಲ್ಲಲಿಲ್ಲ. ಕಿಟಕಿಯಾಚೆ ಸ್ಕಂದಗಿರಿಯ ಮಂಜು ಇನ್ನೂ ಕರಗಿರಲಿಲ್ಲ. ಕಟ್ಟಡಕ್ಕೆಂದು ಗುರುತು ಹಾಕಿದ್ದ ಜಾಗದಲ್ಲಿ ಹೊಂಗೆಮರಗಳು ಅರ್ಧ ಅಳಿಸಿಹೋದಂತೆ ನಿಂತಿದ್ದವು.

ಕಟ್ಟಡದ ಸಮಿತಿಯಲ್ಲಿ ನಾವಿಬ್ಬರು ಹೆಂಗಸರಿದ್ದೆವು, ಸಸ್ಯಶಾಸ್ತ್ರ ಕಲಿಸುವ ನಾನು, ಭೌತಶಾಸ್ತ್ರ ಕಲಿಸುವ ನನ್ನ ಗೆಳತಿ. ಅವರು ಶಿಡ್ಲಘಟ್ಟದವರು. ಮನೆಮಾತು ಉರ್ದು, ಮನೆತನದ ಕೆಲಸ ರೇಷ್ಮೆ ನೂಲು ತೆಗೆಯುವುದು. ನನ್ನದು ಅದೇ ತಾಲ್ಲೂಕಿನ ಹಳ್ಳಿ, ಹಿಪ್ಪುನೇರಳೆ ತೋಟದ ಮನೆ.

"ನೀವು ಹುಳ ಸಾಕೋರು, ನಾವು ಗೂಡು ಬೇಯ್ಸೋರು. ನಮ್ಮಿಬ್ರದೂ ಹಳೇ ನಂಟು ಕಣ್ರೀ" ಎಂದು ಅವರು ನಗುತ್ತಿದ್ದರು.

ಚಿತ್ರವನ್ನು ಬಹಳ ಹೊತ್ತು ನೋಡಿ ಅವರು ಪ್ರಾಂಶುಪಾಲರನ್ನು ಕೇಳಿದರು: "ಸರ್, ಏಪ್ರಿಲ್‌ನಲ್ಲಿ ಕರೆಂಟ್ ಹೋದ್ರೆ ಈ ಗಾಜಿನೊಳಗೆ ಮಕ್ಳು ಏನ್ ಮಾಡ್ತಾರೆ?"

"ಜನರೇಟರ್ ಇರತ್ತಲ್ಲಮ್ಮ."

"ಆ ಸದ್ದಲ್ಲಿ ಓದಕ್ಕಾಗತ್ತಾ ಸರ್?"

ಪ್ರಾಂಶುಪಾಲರು ಮೊಂಡರಲ್ಲ. ನಮ್ಮ ಹಳ್ಳಿಗಳ ಮಕ್ಕಳೂ ಒಂದು ಹೊಳೆಯುವ ಕಟ್ಟಡದಲ್ಲಿ ಕೂರಲಿ ಎಂಬುದು ಅವರ ಆಸೆ. "ಸರಿ, ನೀವಿಬ್ರೂ ಬೇರೆ ಏನಾದ್ರೂ ತೋರ್ಸಿ. ಬಾಯಲ್ಲಿ ಹೇಳ್ಬೇಡಿ, ಕಣ್ಣಿಗೆ ತೋರ್ಸಿ" ಎಂದರು.

ಮೆಟ್ಟಿಲಿಳಿಯುವಾಗ ನನಗೆ ಊರಿನಲ್ಲಿ ಚಿಕ್ಕಮ್ಮ ರೇಷ್ಮೆಹುಳು ಸಾಕುವ ಹುಳುಮನೆ ನೆನಪಾಯಿತು. ಬೇಸಿಗೆಯಲ್ಲಿ ಊರೆಲ್ಲ ಕಾದ ಹೆಂಚಿನಂತಿದ್ದಾಗಲೂ ಅದರೊಳಗೆ ತಂಪಿರುತ್ತಿತ್ತು. ಗೆಳತಿಗೆ ಹೇಳಿದೆ. ಅವರು ನಿಂತಲ್ಲೇ ನಿಂತರು. "ಅರೆ, ಹೌದಲ್ಲ! ಹುಳಕ್ಕೆ ಮಾಡೋದನ್ನ ಮಕ್ಳಿಗೆ ಮಾಡಕ್ಕಾಗಲ್ವಾ?"

ಒಂದು ಭಾನುವಾರ ಮಧ್ಯಾಹ್ನ ಸುಡುಬಿಸಿಲಿನಲ್ಲಿ ಪ್ರಾಂಶುಪಾಲರನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಚಿಕ್ಕಮ್ಮ ಬಾಗಿಲಲ್ಲೇ ತಡೆದರು. "ಈ ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ ಬನ್ನಿ ಸ್ವಾಮಿ. ಸೆಂಟು ಹಾಕ್ಕೊಂಡಿಲ್ಲ ತಾನೆ? ನಮ್ ಹುಳಕ್ಕಾಗಲ್ಲ."

ಒಳಗೆ ಬೆಳಕು ಹಾಲಿನಂತೆ ಮಂದವಾಗಿತ್ತು. ಸುತ್ತಲೂ ಸೂರು ಚಾಚಿದ ಜಗಲಿ ಇದ್ದುದರಿಂದ ಬಿಸಿಲು ಗೋಡೆಯನ್ನು ಮುಟ್ಟುತ್ತಿರಲಿಲ್ಲ. ನೆಲದ ಹತ್ತಿರದ ಕಿಂಡಿಗಳಿಗೆ ಒದ್ದೆ ಗೋಣಿ ಕಟ್ಟಿದ್ದರು. ಅಲ್ಲಿಂದ ನುಗ್ಗಿದ ಗಾಳಿ ತಂಪಾಗಿ ಕಾಲು ಸವರಿ, ಬಿಸಿಯೇರಿದಂತೆ ಮೇಲೆದ್ದು, ಸೂರಿನಡಿಯ ಕಿಂಡಿಗಳಿಂದ ಹೊರಹೋಗುತ್ತಿತ್ತು. ಹುಳುಗಳು ಕೊನೆಯ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುನ್ನ ಅವು ಅಲುಗಾಡದೆ ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಹಸಿವೋ ಹಸಿವು. ಸೊಪ್ಪು ಮೇಯುವ ಸದ್ದು ತುಂತುರು ಮಳೆಯಂತೆ ಕೋಣೆಯನ್ನೆಲ್ಲ ತುಂಬಿತ್ತು.

ಚಿಕ್ಕಮ್ಮ ಹಾಕಿಕೊಟ್ಟ ಚಾಪೆಯ ಮೇಲೆ ಪ್ರಾಂಶುಪಾಲರು ಗೋಡೆಗೊರಗಿ ಕೂತರು. ನನ್ನ ಗೆಳತಿ ಗಾಳಿಯ ದಾರಿಯನ್ನು ವಿವರಿಸತೊಡಗಿದರು. ಸ್ವಲ್ಪ ಹೊತ್ತಿಗೆ ಹೂಂಗುಡುವ ದನಿ ನಿಂತಿತು. ತಿರುಗಿ ನೋಡಿದರೆ ಅವರ ತಲೆ ಎದೆಗೆ ವಾಲಿತ್ತು. ಸಣ್ಣಗೆ ಗೊರಕೆ.

"ಎಬ್ಬಿಸ್ಬೇಡ್ರಮ್ಮ" ಎಂದರು ಚಿಕ್ಕಮ್ಮ, ಸೊಪ್ಪು ಹರಡುತ್ತಲೇ. "ಪಾಪ, ಜ್ವರಕ್ಕೆ ಕೂತವ್ರೆ."

ನಾವಿಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ಜಗಲಿಗೆ ಓಡಿದೆವು.

ಎದ್ದ ಮೇಲೆ ಅವರು ಸೂರನ್ನು ನೋಡುತ್ತ "ಫ್ಯಾನ್ ಎಲ್ಲಿದೆ?" ಎಂದರು. ಇಲ್ಲವೆಂದೆ. ಕಾರು ಚಿಕ್ಕಬಳ್ಳಾಪುರದ ಹತ್ತಿರ ಬಂದಾಗ, ಯಾರೂ ಏನೂ ಕೇಳದಿದ್ದರೂ, "ಗಾಜು ಬೇಡ ಬಿಡಿ" ಎಂದರು.

ಎಂಜಿನಿಯರು ಬಂದು, ನಮ್ಮ ಮಾತು ಕೇಳಿ, ಸಂತೋಷದಿಂದಲೇ ಹುಳುಮನೆಯಂತೆ ಜಗಲಿ, ಕಿಂಡಿಗಳನ್ನಿಟ್ಟು ನಕ್ಷೆ ಬದಲಿಸಿದರು. ಮಳೆನೀರಿನ ತೊಟ್ಟಿಗೆಂದು ಅಗೆದ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಅಲ್ಲೇ ಒತ್ತಿ ಇಟ್ಟಿಗೆ ಮಾಡಿದರು. ಹೊಂಗೆಮರಗಳನ್ನು ಕಡಿಯಲಿಲ್ಲ, ಗೋಡೆಯೇ ಬಾಗಿ ಜಾಗ ಬಿಟ್ಟಿತು. ಅದಕ್ಕೂ ಮೊದಲಿನ ದಿನಗಳೇ ನನಗೆ ಹೆಚ್ಚು ಪ್ರಿಯ. ಪಾಯದ ಸುಣ್ಣದ ಗೆರೆಗಳಷ್ಟೇ ನೆಲದ ಮೇಲಿದ್ದಾಗ, ಪಾಠ ಮುಗಿಸಿ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೆವು. ಗೆರೆ ದಾಟುತ್ತಿರಲಿಲ್ಲ, ಬಾಗಿಲಿಗೆಂದು ಬಿಟ್ಟಿದ್ದ ಕಡೆಯಿಂದಲೇ ಒಳಗೆ ಬರುತ್ತಿದ್ದೆವು. ಗೋಡೆಯಿಲ್ಲದ ಕೋಣೆಯಲ್ಲಿ ಕೂತು ಟೀ ಕುಡಿಯುತ್ತ, ಇಲ್ಲದ ಕಿಟಕಿಯಿಂದ ಬೆಟ್ಟ ನೋಡುತ್ತಿದ್ದೆವು. "ಗಾಳಿ ಬರ್ತಿದೆ ನೋಡಿ" ಎನ್ನುತ್ತಿದ್ದರು ಅವರು, ಬಟ್ಟಬಯಲಿನಲ್ಲಿ.

ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದ್ದಾಗ ಅವರಿಗೆ ಚಿಂತಾಮಣಿಯಲ್ಲಿ ಸರ್ಕಾರಿ ಕೆಲಸವಾಯಿತು. ಬಹುಕಾಲ ಕಾದಿದ್ದ ಕೆಲಸ. ಸಂತೋಷಪಟ್ಟೆ. ಆದರೆ ಅವರು ಹೋದ ಮೇಲೆ ಒಬ್ಬಳೇ ಆ ಗೋಡೆಗಳ ನಡುವೆ ನಿಂತರೆ ಅದು ಬರೀ ಕಟ್ಟಡ ಅನ್ನಿಸುತ್ತಿತ್ತು.

ಸೂರು ಹಾಕಿದ ಮೇಲೆ ಒಂದು ತೊಂದರೆ ಕಂಡಿತು. ಸಂಜೆಯ ಓರೆ ಬಿಸಿಲು ಪಡುವಣ ಕಿಟಕಿಗಳಿಂದ ನೇರ ಮೇಜಿನ ಮೇಲೆ ಬೀಳುತ್ತಿತ್ತು. ಗೆಳತಿಗೆ ಫೋನ್ ಮಾಡಿದೆ. "ಪರದೆ ಹಾಕ್ಬೇಡಿ, ಗಾಳಿ ಸಾಯತ್ತೆ. ನಾನೇ ಬರ್ತೀನಿ ಇರಿ" ಎಂದರು.

ಶನಿವಾರ ಅವರ ಅಣ್ಣನ ಟೆಂಪೊ ಬಂತು, ಅದರ ತುಂಬ ಹಳೆಯ ಚಂದ್ರಿಕೆಗಳು. ಮೇವು ಮುಗಿಸಿ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿಗಳವು, ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಇರುತ್ತದೆ. ಈಗೀಗ ಪ್ಲಾಸ್ಟಿಕ್ಕಿನವು ಬಂದು ಇವು ಅಟ್ಟ ಸೇರಿವೆ. ಪರಿಚಯದವರ ಅಟ್ಟಗಳಿಂದ ಇಳಿಸಿ, ತೊಳೆದು, ಒಣಗಿಸಿ ತಂದಿದ್ದರು. ಕೆಲವು ಮುರಿದಿದ್ದವು. ಉಳಿದವನ್ನು ಕಿಟಕಿಗಳ ಹೊರಗೆ ಕಟ್ಟಿಸಿದೆವು. ಸಂಜೆ ಬಿಸಿಲು ಇಳಿದಾಗ ಓದುಮನೆಯ ನೆಲದ ತುಂಬ ಹೊಂಬಣ್ಣದ ಬೆಳಕು ಸಣ್ಣ ಸಣ್ಣ ತುಣುಕಾಗಿ ಚೆಲ್ಲಿ, ಗಾಳಿ ಬೀಸಿದಾಗಲೆಲ್ಲ ನಡುಗಿತು. ಇಬ್ಬರೂ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದೆವು. ಅವರ ಪಾದಗಳ ಮೇಲೂ ಬೆಳಕು ಹರಿದಾಡುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಅವರು ಮತ್ತೆ ಬಂದರು. ಕರೆಂಟಿರಲಿಲ್ಲ. ಒಳಗೆ ಹುಡುಗಿಯರು ಪರೀಕ್ಷೆಗೆ ಓದುತ್ತಿದ್ದರು. ಒಬ್ಬಳು ಪುಸ್ತಕದ ಮೇಲೆ ಕೆನ್ನೆಯಿಟ್ಟು ನಿದ್ದೆಹೋಗಿದ್ದಳು. ನಾವು ಆ ಕಿಂಡಿ, ಈ ಮೂಲೆ ಎಂದು ಒಬ್ಬರಿಗೊಬ್ಬರು ತೋರಿಸುತ್ತ ಸುತ್ತುತ್ತಿದ್ದೆವು. ನನ್ನ ಪಾಠಕ್ಕಿನ್ನೂ ಬಾರದ ಹೊಸ ಹುಡುಗಿಯೊಬ್ಬಳು ತಲೆಯೆತ್ತಿ, ಮೆಲ್ಲಗೆ, "ಆಂಟಿ, ಸ್ವಲ್ಪ ಆಚೆ ಹೋಗಿ ಮಾತಾಡ್ತೀರಾ? ಓದ್ತಿದ್ದೀವಿ" ಎಂದಳು.

"ಸಾರಿ ಕಣಮ್ಮ" ಎಂದರು ನನ್ನ ಗೆಳತಿ. ಅವರ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹೊರಬಂದು ಜಗಲಿಯ ಮೇಲೆ ಕೂತೆವು. ಹೊಂಗೆಹೂವು ಸದ್ದಿಲ್ಲದೆ ಉದುರುತ್ತಿತ್ತು. ಚಿಂತಾಮಣಿಗೆ ಹೊರಡುವ ಹೊತ್ತಾಗಿತ್ತು. "ಇನ್ನೊಂದು ಬಸ್ಸಿಗೆ ಹೋಗ್ತೀನಿ ಬಿಡಿ" ಎಂದು ಅವರು ಕಾಲು ಚಾಚಿದರು.