ಅದೇ ಬಂಡೆ

ನಮ್ಮ ಮಾವನವರಿಗೆ ಇಂಗ್ಲಿಷ್ ಬರುವುದಿಲ್ಲ. ನನ್ನದೂ ಅಷ್ಟಕ್ಕಷ್ಟೇ. ಆದರೂ ಕುಂದೂರು ಹೋಬಳಿಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಮುದ್ದೆ ಉಂಡು ಕೈ ತೊಳೆದ ಮೇಲೆ ನಾವಿಬ್ಬರೂ ಟೀವಿಯ ಮುಂದೆ ಕೂತು ಹಳೇ ಕೌಬಾಯ್ ಸಿನಿಮಾ ನೋಡುತ್ತೇವೆ. ದೊಡ್ಡ ಹೆಸರಿನವಲ್ಲ. ಕಡಿಮೆ ದುಡ್ಡಿನಲ್ಲಿ ಅವಸರವಾಗಿ ತೆಗೆದ, ಒಂದು ಗಂಟೆಗೆಲ್ಲ ಮುಗಿದುಹೋಗುವ ಕಪ್ಪು ಬಿಳುಪಿನ ಸಿನಿಮಾಗಳು. ಮಗಳು ಹಾಸ್ಟೆಲಿಗೆ ಹೋಗುವ ಮುಂಚೆ ಟೀವಿಗೆ ಇಂಟರ್ನೆಟ್ ಸೇರಿಸಿ ಅಜ್ಜನಿಗೆ ಭಕ್ತಿ ಚಿತ್ರ ಹಾಕಿಕೊಟ್ಟಿದ್ದಳು. ಒಂದು ಮುಗಿದು ಇನ್ನೊಂದು ತಾನಾಗಿ ಶುರುವಾಗುತ್ತಾ ಹೇಗೋ ಕುದುರೆಗಳಿಗೆ ಬಂದು ನಿಂತಿತು. ಮಾವ ದೇವರನ್ನು ಅಲ್ಲಿಗೇ ಬಿಟ್ಟರು.

ನಾನು ಮೊದಲು ಕೂತಿದ್ದು ಆಡಿಕೊಳ್ಳುವುದಕ್ಕೆ. ಆಡಿಕೊಳ್ಳುವುದಕ್ಕೆ ಬೇಕಾದಷ್ಟಿತ್ತು. ಗುಡ್ಡ ಅಂತ ತೋರಿಸುತ್ತಿದ್ದದ್ದು ಬಟ್ಟೆಯ ಮೇಲೆ ಬರೆದ ಗುಡ್ಡ. ರಾತ್ರಿ ಅನ್ನುತ್ತಾರೆ, ಕುದುರೆಯ ಕಾಲಡಿ ಬಿಸಿಲಿನ ನೆರಳು ಬಿದ್ದಿರುತ್ತದೆ. ಮೊದಲ ಜಗಳದಲ್ಲಿ ಗುಂಡು ತಿಂದು ಸತ್ತವನು ಆಮೇಲೆ ಮೀಸೆ ಅಂಟಿಸಿಕೊಂಡು ಅಂಗಡಿಯವನಾಗಿ ಬರುತ್ತಾನೆ. ಇದನ್ನು ಮಾವ ನನಗಿಂತ ಮೊದಲು ಹಿಡಿದಿದ್ದರು. ಎಲ್ಲಕ್ಕಿಂತ ಹೆಚ್ಚಿನ ಮಜಾ ಎಂದರೆ ಬಂಡೆ. ಕಳ್ಳರು ಓಡುವಾಗ ದಾರಿ ಪಕ್ಕ ಒಂದು ಬಂಡೆ ಬರುತ್ತದೆ, ನೆತ್ತಿ ಸೀಳಿದ ದೊಡ್ಡ ಬಂಡೆ. ಅಟ್ಟಿಸಿಕೊಂಡು ಹೋಗುವವರು ಹರದಾರಿಗಟ್ಟಲೆ ದೂರ ಹೋದ ಮೇಲೂ ಅದೇ ಬಂಡೆ ಬರುತ್ತದೆ. ಬೇರೆ ಸಿನಿಮಾ, ಬೇರೆ ನಾಯಕ, ಬೇರೆ ಊರು, ಬಂಡೆ ಮಾತ್ರ ಅದೇ. ಪಾಪ, ಇನ್ನೊಂದು ಜಾಗಕ್ಕೆ ಕುದುರೆ ಸಾಗಿಸುವಷ್ಟು ಕಾಸು ಅವರ ಹತ್ತಿರ ಇರಲಿಲ್ಲವೇನೋ. ಬಂಡೆ ಬಂದ ಕೂಡಲೇ ಮಾವ ತೊಡೆ ತಟ್ಟಿ, "ಬಂತು ನೋಡು, ಅದೇ ಬಂಡೆ" ಅನ್ನುವರು. ನಾನು ನಗುವೆ. ನಮ್ಮ ಅತ್ತೆ ತೀರಿಹೋದ ಮೇಲೆ ಈ ಮನೆಯಲ್ಲಿ ಹಗಲು ಹೊತ್ತು ನಗು ಕೇಳಿಸಿದ್ದು ಬಹುಶಃ ಆ ಬಂಡೆಯ ದೆಸೆಯಿಂದಲೇ.

ನೋಡುತ್ತಾ ನೋಡುತ್ತಾ ನನಗೂ ಹಿಡಿಸಿತು. ಯಾಕೆ ಎಂದು ಯೋಚಿಸಿದ್ದೇನೆ. ಆ ಸಿನಿಮಾಗಳಲ್ಲಿ ಜನ ಕಡಿಮೆ. ಇಡೀ ಊರಿಗೆ ಹತ್ತೋ ಹನ್ನೆರಡೋ ಮುಖ, ಒಬ್ಬ ಸತ್ತರೆ ಊರು ಖಾಲಿ ಹೊಡೆಯುತ್ತದೆ. ಜಗಳವೆಲ್ಲ ನೀರಿಗೆ, ಬೇಲಿಗೆ, ದನಕ್ಕೆ. ನಮ್ಮಲ್ಲೂ ಅದಕ್ಕೇ ತಾನೇ? ಯಾರೂ ಉಪದೇಶ ಮಾಡುವುದಿಲ್ಲ. ತಗಡಿನ ತಟ್ಟೆಯಲ್ಲಿ ಕಾಳು ತಿನ್ನುತ್ತಾರೆ, ಮುಖ ತೊಳೆಯುತ್ತಾರೆ, ಹೊರಡುತ್ತಾರೆ. ದುಡ್ಡು ಸುರಿದು ತೆಗೆದ ಹೊಸ ಕೌಬಾಯ್ ಚಿತ್ರವೊಂದನ್ನು ಮಗಳು ರಜಕ್ಕೆ ಬಂದಾಗ ಹಾಕಿದಳು. ಅದರಲ್ಲಿ ಧೂಳಿಗೂ ಅಲಂಕಾರ ಮಾಡಿದ್ದರು. ಅರ್ಧಕ್ಕೇ ಎದ್ದು ನಾನು ಕಣದಲ್ಲಿದ್ದ ಕಾಫಿ ತಿರುವಲು ಹೋದೆ.

ಮಾತು ತಿಳಿಯದಿದ್ದರೂ ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂದು ಕಂಡುಹಿಡಿಯಲು ಮಾವನಿಗೆ ಅವರದೇ ಒಂದು ಲೆಕ್ಕವಿತ್ತು. ಕುದುರೆಗೆ ನೀರು ಕುಡಿಸದೆ ತಾನು ಕುಡಿಯಲು ಒಳಗೆ ಹೋದವನು ಕೆಟ್ಟವನು. ಈ ಲೆಕ್ಕ ತಪ್ಪಿದ್ದು ಅಪರೂಪ. ಅವರು ಎಡವಿದ್ದು ಬೇರೆ ಕಡೆ. ಒಂದು ಸಿನಿಮಾದಲ್ಲಿ ಊರ ಬಾಗಿಲಲ್ಲೇ ಪೊಲೀಸಿನವನು ನಿಂತು, ಬಂದವರ ಪಿಸ್ತೂಲನ್ನೆಲ್ಲ ಬಿಚ್ಚಿಸಿ ಗೂಟಕ್ಕೆ ನೇತುಹಾಕುತ್ತಿದ್ದ. ಮಾವ ಬಹಳ ಹೊತ್ತು ನೋಡಿ, "ಅಲ್ಲೂ ಎಲೆಕ್ಷನ್ ಬಂದೈತೆ ಕಣವ್ವ" ಅಂದರು.

ನಾನು ನಗಲಿಲ್ಲ, ಏಕೆಂದರೆ ನನಗೂ ಹಾಗೇ ಅನ್ನಿಸಿತ್ತು. ನಮ್ಮ ಕಡೆ ಕಾಫಿ ತೋಟ, ಗದ್ದೆ ಇರುವವರಲ್ಲಿ ಕೆಲವರ ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸಿನ ಕೋವಿ ಇರುತ್ತದೆ. ಚುನಾವಣೆ ಘೋಷಣೆಯಾದ ತಕ್ಷಣ ಅದನ್ನು ಹಳೇ ಪಂಚೆಯಲ್ಲೋ ಗೋಣಿಯಲ್ಲೋ ಸುತ್ತಿಕೊಂಡು ಠಾಣೆಗೆ ಒಪ್ಪಿಸಬೇಕು. ಫಲಿತಾಂಶ ಬಂದ ಮೇಲೆ ಹೋಗಿ ತರಬೇಕು. ಮಾವನದು ಒಂಟಿ ನಳಿಗೆಯ ಕೋವಿ, ಅವರ ಅಪ್ಪನ ಕಾಲದ್ದು. ಅವರು ಹಂದಿ ಹೊಡೆದದ್ದನ್ನು ನಾನು ಕಂಡಿಲ್ಲ. ಗದ್ದೆಯ ಅಂಚಿನಲ್ಲಿ ನಿಂತು ಆಕಾಶಕ್ಕೆ ಒಂದು ಸದ್ದು ಮಾಡಿ ಬರುವರು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಡುವುದು, ಎಣ್ಣೆ ಹಾಕಿ ಒರೆಸುವುದು, ಎಲ್ಲ ಅವರದೇ. ಬೇರೆಯವರು ಮುಟ್ಟುವ ಹಾಗಿಲ್ಲ.

ಆ ಸಿನಿಮಾ ನೋಡಿದ ವರ್ಷವೇ ಕಾಫಿ ಕುಯ್ಲಿನ ಸಮಯದಲ್ಲಿ ಒಂದು ಸಂಜೆ ತೋಟದ ಕೆಳಗಿನ ಪಟ್ಟೆಯಲ್ಲಿ ಗಿಡ ಅಲ್ಲಾಡಿತು. ಮಾವ ಕೋವಿ ಎತ್ತಿ ಗುರಿ ಹಿಡಿದರು. ಗಿಡದ ಹಿಂದಿದ್ದವಳು ನಮ್ಮಲ್ಲಿ ಹಣ್ಣು ಕುಯ್ಯಲು ಬರುವ ಹೆಂಗಸು. ತಲೆಯ ಮೇಲೆ ಚೀಲ ಹೊತ್ತು ಬರುತ್ತಿದ್ದವಳು "ಗೌಡ್ರೇ, ನಾನು!" ಅಂತ ಕೂಗಿಕೊಂಡಳು. ಮಾವ ಕೋವಿ ಇಳಿಸಿ, ಹೆದರಿಸೋಣ ಅಂತ ಎತ್ತಿದ್ದೆ ಎಂದು ನಕ್ಕರು. ಅವಳೂ ನಕ್ಕಳು, ಆದರೆ ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ. ತಮಾಷೆ ಅತಿಯಾಯಿತು ಎಂದಷ್ಟೇ ನಾನು ಅಂದುಕೊಂಡೆ.

ಕೆಲವು ದಿನ ಕಳೆದು ಎಂದಿನಂತೆ ಸಿನಿಮಾ ನೋಡುತ್ತಿದ್ದೆವು. ಅದು ಬಯಲುಸೀಮೆಯ ಕಥೆ, ಕಣ್ಣು ಹಾಯುವಷ್ಟು ದೂರವೂ ಚಪ್ಪಟೆ ನೆಲ, ಮೊಣಕಾಲೆತ್ತರದ ಹುಲ್ಲು. ಕುದುರೆಗಳು ಓಡತೊಡಗಿದವು. ಹಿಂದೆ ಓಟದ ಸಂಗೀತ ಬಂತು, ಎಲ್ಲ ಸಿನಿಮಾಗಳಲ್ಲೂ ಬರುವಂಥದ್ದೇ. ಮಾವ ತೊಡೆ ತಟ್ಟಿ ಅಂದರು: "ಬಂತು ನೋಡು, ಅದೇ ಬಂಡೆ."

ಪರದೆಯ ಮೇಲೆ ಬಂಡೆ ಇರಲಿಲ್ಲ. ಒಂದು ಕಲ್ಲೂ ಇರಲಿಲ್ಲ.

ಅಭ್ಯಾಸಬಲದಿಂದ ನಾನು ನಕ್ಕೆ. ನಕ್ಕ ಮೇಲೆ ಚೀಲ ಹೊತ್ತವಳ ಮುಖ ಕಣ್ಣೆದುರು ಬಂತು. ಮಾವ ಟೀವಿಯ ಕಡೆ ನೇರವಾಗಿ ನೋಡುತ್ತಿಲ್ಲ, ತಲೆ ಸ್ವಲ್ಪ ಓರೆ ಮಾಡಿ ಕೂತಿದ್ದಾರೆ ಎಂದು ಆಗ ಕಂಡಿತು. ಎಂದಿನಿಂದ ಹಾಗೆ ಕೂರುತ್ತಿದ್ದರೋ ದೇವರೇ ಬಲ್ಲ.

ಬಿ.ಪಿ. ತೋರಿಸಲು ಎಂಬ ನೆಪ ಹೇಳಿ ನಮ್ಮನೆಯವರು ಅವರನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಕಣ್ಣನ್ನೂ ತೋರಿಸಿದರು. ಕಣ್ಣಿನ ಹಿಂದಿನ ಪರದೆ ನಡುವಿನಲ್ಲಿ ಸವೆದಿದೆ, ಕನ್ನಡಕದಿಂದ ಆಗುವುದಲ್ಲ ಎಂದು ಡಾಕ್ಟರು ಹೇಳಿದರಂತೆ. ಅಕ್ಕಪಕ್ಕದ್ದು ಕಾಣುತ್ತದೆ, ಆದ್ದರಿಂದಲೇ ಅವರು ಎಡವದೆ ಓಡಾಡುತ್ತಿದ್ದರು. ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಗುರಿ ಹಿಡಿದರೆ ಗುರಿಯೇ ಇಲ್ಲ.

ಇಷ್ಟಾದ ಮೇಲೂ ಕೋವಿಯ ಮಾತು ಎತ್ತಲು ಮನೆಯಲ್ಲಿ ಗಂಡಸು ಇರಲಿಲ್ಲ. ನಮ್ಮನೆಯವರು, "ನಿನ್ನ ಮಾತು ಕೇಳ್ತಾರೆ, ನೀನೇ ಹೇಳ್ಬುಡು" ಅಂದರು. ನನಗೆ ಮೈಯೆಲ್ಲ ಉರಿಯಿತು. ಅವರ ಅಪ್ಪ, ಅವರ ಅಜ್ಜನ ಕೋವಿ, ಹೇಳಬೇಕಾದವಳು ನಾನು. ಆದರೆ ನನಗೂ ಬಾಯಿ ಬರಲಿಲ್ಲ. ಆ ಕೋವಿ ಹೋದರೆ ಮಾವ ಗದ್ದೆ ಕಡೆಗೆ ಹೋಗುವುದು ನಿಲ್ಲುತ್ತದೆ, ಆಮೇಲೆ ಜಗುಲಿಗೆ ಬರುವುದೂ ನಿಲ್ಲುತ್ತದೆ ಎಂಬ ಭಯ. ತೋಟಾಗಳನ್ನು ಮಾತ್ರ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಅವರು ಕೇಳಲೂ ಇಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಕೋವಿ ಆಲೂರಿನ ಠಾಣೆಗೆ ಹೋಯಿತು. ರಾಜಕಾರಣಿಗಳ ಮೇಲೆ ಅವತ್ತಿನಷ್ಟು ಪ್ರೀತಿ ನನಗೆ ಅದಕ್ಕೆ ಮುಂಚೆಯೂ ಹುಟ್ಟಿರಲಿಲ್ಲ, ಆಮೇಲೂ ಹುಟ್ಟಲಿಲ್ಲ. ಫಲಿತಾಂಶ ಬಂದು ಅಕ್ಕಪಕ್ಕದವರೆಲ್ಲ ತಮ್ಮ ತಮ್ಮದನ್ನು ತಂದುಕೊಂಡರೂ ನಾವು ಸುಮ್ಮನಿದ್ದೆವು. ಕೊನೆಗೆ ಒಂದು ಬೆಳಿಗ್ಗೆ ಮಾವನೇ ಬಿಳಿ ಅಂಗಿ ತೊಟ್ಟು, ಆಲೂರಿಗೆ ಹೋಗಿ ಬರೋಣ ನಡಿ ಎಂದರು. ನಮ್ಮನೆಯವರಿಗೆ ಆ ಗಳಿಗೆಯಲ್ಲೇ ತೋಟದ ಮೋಟಾರು ಕೆಟ್ಟಿರುವುದು ನೆನಪಾಯಿತು. ನಾನೇ ಹೊರಟೆ. ಬಸ್ಸಿನಲ್ಲಿ ಉದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿದೆ. ಆಲೂರು ಬಂದಾಗ ಒಂದು ಮಾತೂ ಉಳಿದಿರಲಿಲ್ಲ.

ಪೇದೆ ಕೋವಿ ತಂದು ಮೇಜಿನ ಮೇಲಿಟ್ಟು ನಂಬರ್ ನೋಡಿಕೊಳ್ಳಿ ಅಂದರು. ಮಾವ ನಳಿಗೆಯ ಮೇಲೆ ಬೆರಳಾಡಿಸಿ, ನನ್ನನ್ನು ಓದಲು ಹೇಳಿದರು. ಓದಿದೆ. ಅವರು ತಲೆಯಾಡಿಸಿದರು. ಹಿಡಿಯನ್ನು ಅಂಗೈಯಲ್ಲಿ ಒಮ್ಮೆ ಸವರಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕೋವಿಯನ್ನು ಪೇದೆಯ ಕಡೆಗೇ ನೂಕಿದರು.

"ಇಲ್ಲೇ ಇರ್ಲಿ ಸ್ವಾಮಿ," ಅಂದರು. "ಎಲೆಕ್ಷನ್ನು ಮತ್ತೆ ಬತ್ತದೆ. ಹೊತ್ಕಂಡು ತರೋ ಕೆಲ್ಸ ತಪ್ತದೆ."

ಪೇದೆ ನಗಲು ಹೋಗಿ, ಮಾವನ ಮುಖ ನೋಡಿ ಕೋವಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಖಾಯಂ ಒಪ್ಪಿಸುವುದಾದರೆ ಅರ್ಜಿ ಬೇಕು ಅಂದರು. ನಾನು ಬರೆದೆ, ಸಹಿ ಹಾಕುವ ಜಾಗಕ್ಕೆ ಅವರ ಬೆರಳು ಹಿಡಿದು ಇಟ್ಟೆ. ನನ್ನ ಕಣ್ಣು ತುಂಬಿತ್ತು. ಅವರಿಗೆ ಅದು ಕಾಣುವಂತಿರಲಿಲ್ಲ.

ವಾಪಸು ಬರುವಾಗ ಕೋವಿ ಸುತ್ತಿ ತರಲೆಂದು ಒಯ್ದಿದ್ದ ಹಳೇ ಪಂಚೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದರು. ಬಸ್ಸು ಏರು ಹತ್ತುವಾಗ ಅವರೇ ಮಾತು ತೆಗೆದರು.

"ಬಂಡೆ ಕಾಣ್ದೆ ಬಾಳ ದಿನ ಆತು ಕಣವ್ವ."

"ಮತ್ತೆ ಯಾಕೆ ಹೇಳ್ತಿದ್ರಿ ಮಾವ?"

"ನೀನು ನಗ್ತಿದ್ದೆಯಲ್ಲ. ಅದ್ಕೆ."

ನಾನು ಕಿಟಕಿಯ ಕಡೆ ತಿರುಗಿದೆ.

ಮಾರನೆಯ ದಿನ ಊಟ ಮುಗಿಸಿ ಮಾವ ಕುರ್ಚಿಯಲ್ಲಿ ಕೂತರು. ನಾನು ಟೀವಿ ಹಾಕಿದೆ. ಸ್ವಲ್ಪ ಹೊತ್ತಿಗೆ ಕಳ್ಳರು ಬ್ಯಾಂಕು ದೋಚಿ ಓಡಿದರು, ಸಂಗೀತ ಶುರುವಾಯಿತು. ಮಾವನ ಕೈ ತೊಡೆಯ ಮೇಲೆ ಹಾಗೇ ಇತ್ತು. ನೆತ್ತಿ ಸೀಳಿದ ಬಂಡೆ ಪಕ್ಕದಲ್ಲಿ ಬಂತು.

"ಬಂತು ಮಾವ," ಅಂದೆ. "ಅದೇ ಬಂಡೆ."

ಅವರು ನಕ್ಕರು.