ಸಮ್‌ಗೆ ಮೊದಲೇ ಬಂದ ‘ವಾಹ್’

ಕಳೆದ ಭಾನುವಾರ ಧಾರವಾಡದಲ್ಲಿ ತುಂಬಿದ ಸಭೆಯ ನಡುವೆ ನಾನು ‘ವಾಹ್’ ಅಂದೆ. ನಾನೊಬ್ಬನೇ. ಬೇರೆ ಯಾರೂ ಅನ್ನಲಿಲ್ಲ. ಅನ್ನುವ ಜಾಗವೇ ಅದಾಗಿರಲಿಲ್ಲ. ಧಾರವಾಡದ ಕೇಳುಗರ ನಡುವೆ ಕೂತು ಇಂಥ ತಪ್ಪು ಮಾಡಿದರೆ ಹೇಗಿರುತ್ತದೆ ಗೊತ್ತಲ್ಲ? (ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು.)

ಹಾಡುತ್ತಿದ್ದವರು ಅಕ್ಕಾರು. ಸಂಗೀತದವರೆಲ್ಲ ಅವರನ್ನು ಕರೆಯುವುದೇ ಹಾಗೆ. ಅವರ ತೋಡಿ ರಾಗದ ಹಳೆಯ ರೆಕಾರ್ಡಿಂಗ್ ಒಂದು ನನ್ನ ಬಳಿ ಇದೆ. ಮೊದಲು ಕ್ಯಾಸೆಟ್ಟಿನಲ್ಲಿತ್ತು, ಈಗ ಮೊಬೈಲಿನಲ್ಲಿದೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಬೆಳಗಾಗುವುದೇ ಅದರಿಂದ. ಆದರೆ ಅವರನ್ನು ಎದುರು ಕೂತು ಕೇಳಿದ್ದೇ ಇರಲಿಲ್ಲ. ಗಂಟಲಿನ ತೊಂದರೆಯಿಂದ ಅವರು ಹಾಡುವುದನ್ನೇ ಬಿಟ್ಟಿದ್ದರು. ಈಗ ಮತ್ತೆ ಹಾಡುತ್ತಾರೆ, ಬೆಳಗಿನ ಬೈಠಕ್‌ನಲ್ಲಿ, ಅದೂ ತೋಡಿಯನ್ನೇ ಎಂದು ಸುದ್ದಿ ಬಂತು.

ಖುಷಿಗಿಂತ ಭಯವೇ ಹೆಚ್ಚಾಯಿತು. ಆ ದನಿ ಹೋಗಿದ್ದರೆ? ನಾಳೆಯಿಂದ ರೆಕಾರ್ಡಿಂಗ್ ಹಾಕಿದಾಗಲೂ ಒಡೆದ ಗಂಟಲೇ ನೆನಪಾದರೆ?

‘ದಿನಾ ಕೇಳೋದನ್ನ ಕೇಳಾಕ ಅಲ್ಲೀತನಕ ಯಾಕ್ರಿ?’ ಅಂದಳು ಹೆಂಡತಿ. ಅಂದವಳೇ ಸೀರೆ ಬದಲಿಸಿ ಬಂದು ಸ್ಕೂಟರ್ ಹತ್ತಿದಳು.

ಅಕ್ಕಾರ ದನಿ ಬದಲಾಗಿತ್ತು. ಮೇಲಿನ ಷಡ್ಜಕ್ಕೆ ಅದು ಮೊದಲಿನಂತೆ ಏರಲಿಲ್ಲ. ಆದರೆ ಕೆಳಗಿನ ಸ್ವರಗಳಲ್ಲಿ ಅದೆಂಥ ನೆರಳು, ಅದೆಂಥ ತಂಪು. ಕಿಟಕಿಯಿಂದ ಬಂದ ಎಳೆಬಿಸಿಲು ಜಮಖಾನೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ತಂಬೂರಿಯ ನಾದದಲ್ಲಿ ಭಯ ಎಲ್ಲಿ ಹೋಯಿತೋ, ನಾನೆಲ್ಲಿದ್ದೆನೋ, ಎರಡೂ ತಿಳಿಯಲಿಲ್ಲ.

ಎಡವಟ್ಟಾಗಿದ್ದು ಆಗಲೇ. ನನಗೆ ಬಾಯಿಪಾಠವಾಗಿದ್ದ, ಸ್ವರಗಳು ಸರಸರನೆ ಓಡುವ ತಾನ್ ಒಂದು ಶುರುವಾಯಿತು. ಅದು ಎಲ್ಲಿ ತಿರುಗಿ ಸಮ್‌ಗೆ (ಅಂದರೆ ತಾಳದ ಮೊದಲ ಪೆಟ್ಟಿಗೆ) ಇಳಿಯುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಇಳಿದೇಬಿಟ್ಟಿತೆಂದು ‘ವಾಹ್’ ಅಂದೆ. ಅಕ್ಕಾರು ಇಳಿಯಲೇ ಇಲ್ಲ. ಸಮ್ ದಾಟಿ ಇನ್ನೊಂದು ಸುತ್ತು ಹೊರಟುಬಿಟ್ಟರು. ಎಂದೂ ಕೇಳದ ದಾರಿ. ಮುಂದಿನ ಸಮ್‌ಗೆ ಬಂದು ಇಳಿದಾಗ ಸಭೆಯೆಲ್ಲ ‘ವಾಹ್’ ಅಂದಿತು. ನನಗೆ ಅನ್ನಲಾಗಲಿಲ್ಲ, ಕಣ್ಣು ತುಂಬಿತ್ತು.

ಮುಗಿದ ಮೇಲೆ ಅವರ ಕಾಲಿಗೆ ನಮಸ್ಕರಿಸಿ, ‘ತಪ್ಪಾತ್ರಿ ಅಕ್ಕಾರ, ರೆಕಾರ್ಡಿಂಗ್‌ನ್ಯಾಗ ಅಲ್ಲೇ ಇಳದಿದ್ರಿ’ ಅಂದೆ.

ಅವರು ನಕ್ಕರು. ‘ಅವತ್ತ ಇಳದಿದ್ದೆಪಾ. ಇವತ್ತ ಇನ್ನೂ ಸ್ವಲ್ಪ ತಿರಗಾಡಬೇಕು ಅನಿಸ್ತು.’

ವಾಪಸ್ ಬರುವಾಗ ಹಿಂದೆ ಕೂತಿದ್ದ ಹೆಂಡತಿ ‘ರೀ’ ಅಂದಳು. ಮುಂದಿನದು ನನಗೆ ಗೊತ್ತಿತ್ತು. ಮನೆಯಲ್ಲಿ ಕಾಯಿಪಲ್ಲೆ ಇಲ್ಲ, ಇನ್ನೇನು? ‘ಹೂಂ, ತಗೊಂಡ ಹೋಗೋಣ’ ಅನ್ನಲು ಬಾಯಿ ತೆರೆದವನು ಯಾಕೋ ಸುಮ್ಮನಾದೆ.

‘ಲಗೂ ಮನಿ ಮುಟ್ಟೋದು ಬ್ಯಾಡ್ರಿ’ ಅಂದಳು. ‘ಉಣಕಲ್ ಕೆರಿ ದಂಡಿಗೆ ಸ್ವಲ್ಪ ಕುಂತು ಹೋಗೋಣ.’

ನಿಮ್ಮ ಮನೆಯವರನ್ನು ನೀವು ಲೈವ್ ಆಗಿ ಕೇಳಿ ಎಷ್ಟು ದಿನವಾಯಿತು?