ಬಾಯಲ್ಲಿ ನಾಲ್ಕು ಗುಂಡುಸೂಜಿ

ನಮ್ಮ ಬೀದಿಯ ದರ್ಜಿಯ ಅಂಗಡಿಗೆ ಜನ ಬಟ್ಟೆಗೋಸ್ಕರ ಬರುತ್ತಿದ್ದರು ಎಂದರೆ ಅದು ಅರ್ಧ ಸತ್ಯ. ಬಿಗಿ ಮಾಡಿಸುವ, ಸಡಿಲ ಮಾಡಿಸುವ ನೆಪದಲ್ಲಿ ಅವರು ಬರುತ್ತಿದ್ದುದು ಹೊಟ್ಟೆಯೊಳಗಿನದನ್ನು ಕಕ್ಕಿ ಹಗುರಾಗಲು. ಕನ್ನಡಿಯ ಮುಂದಿನ ಮಣೆ ಹತ್ತಿದ್ದೇ ತಡ, ಅತ್ತೆ ಸೊಸೆಯನ್ನು ದೂರುತ್ತಿದ್ದಳು. ಮರುದಿನ ಸೊಸೆ ಬಂದು ಅತ್ತೆಯನ್ನು. ನಿವೃತ್ತ ಹೆಡ್ಮಾಸ್ತರರಂತೂ ಒಂದೇ ಪ್ಯಾಂಟನ್ನು ಆರು ಸಲ ಗಿಡ್ಡ ಮಾಡಿಸಿ, ಕೊನೆಗೆ ಅದನ್ನು ಚಡ್ಡಿಯೆಂದು ಘೋಷಿಸಿ, ಇನ್ನೊಂದು ಪ್ಯಾಂಟು ತಂದರು.

ದರ್ಜಿ ಯಾರ ಮಾತಿಗೂ ಅಡ್ಡ ಬಂದವನಲ್ಲ, ಬುದ್ಧಿ ಹೇಳಿದವನಲ್ಲ. ಮೂಗಿನಲ್ಲೇ ‘ಹೂಂ’ ಎನ್ನುತ್ತಿದ್ದ. ಈ ಮಹಾಮೌನದ ಹಿಂದಿನ ತಪಸ್ಸು ಇಷ್ಟೇ: ಅವನ ತುಟಿಗಳ ನಡುವೆ ಸದಾ ನಾಲ್ಕು ಗುಂಡುಸೂಜಿ ಇರುತ್ತಿದ್ದವು. ಬಾಯಿ ಬಿಟ್ಟರೆ ನುಂಗಬೇಕಿತ್ತು.

ಸಂಜೆ ಸೂಜಿ ಡಬ್ಬಿಗೆ ಸೇರಿದ ಮೇಲೆ ಕಟ್ಟೆ ಒಡೆಯುತ್ತಿತ್ತು. ಅತ್ತೆಗೆ, ಸೊಸೆಗೆ, ಹೆಡ್ಮಾಸ್ತರರಿಗೆ ಹಗಲಿಡೀ ಕೊಡಲಾಗದ ಉತ್ತರಗಳೆಲ್ಲ ಹೆಂಡತಿಯ ತಲೆಯ ಮೇಲೆ ಸುರಿಯುತ್ತಿದ್ದವು.

‘ರೀ, ನಿಮಗೊಂದು ವಿಷ್ಯ ಹೇಳ್ಬೇಕಿತ್ತು.’

‘ಹೇಳೋವಂತೆ, ಮೊದ್ಲು ಇದನ್ನ ಕೇಳು. ಆ ಹೆಡ್ಮಾಸ್ತರು ಇದಾರಲ್ಲ...’

ಹೀಗೆ ಮೂರು ತಿಂಗಳು. ಬಡಿಸುವಾಗ, ಪಾತ್ರೆ ತೊಳೆಯುವಾಗ, ದೀಪ ಆರಿಸುವಾಗ ಅವಳು ಅದೇ ಮಾತು ಎತ್ತಿದಳು. ಪ್ರತಿ ಸಲವೂ ಹೆಡ್ಮಾಸ್ತರರು ಅಡ್ಡ ಬಂದರು.

ಒಂದು ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕೈಯಲ್ಲಿ ಉಣ್ಣೆಯ ಕೋಟು. ಹೋದ ವರ್ಷ ಅವನೇ ಅಳತೆ ತೆಗೆದು ಹೊಲಿದದ್ದು.

‘ಇಲ್ಲಿಗ್ಯಾಕೆ ಬಂದೆ? ಮನೇಲೇ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?’

‘ಗಿರಾಕಿ ಹತ್ರ ಹೀಗಾ ಮಾತಾಡೋದು? ಸೂಜಿ ಬಾಯಿಗೆ ಹಾಕ್ಕೊಳ್ಳಿ. ಇದು ಸಡಿಲ ಆಗಿದೆ.’

ಅವನು ನಗುತ್ತ ಹಾಕಿಕೊಂಡ. ಅವಳು ಕೋಟು ತೊಟ್ಟು ಮಣೆ ಹತ್ತಿದಳು. ಸೊಂಟದ ಬಳಿ ಬಟ್ಟೆ ಹಿಡಿದು ನೋಡಿದ. ನಾಲ್ಕು ಬೆರಳಗಲ ಹೆಚ್ಚಿಗೆ ಸಿಕ್ಕಿತು. ಇನ್ನೊಂದು ಬದಿಯಲ್ಲೂ ನಾಲ್ಕು. ಬೀದಿಯ ಯಾವ ಸೊಂಟ ಅರ್ಧ ಬೆರಳು ಹಿಗ್ಗಿದರೂ ಕುಗ್ಗಿದರೂ ದೂರದಿಂದಲೇ ಹೇಳಬಲ್ಲ ಕಣ್ಣು ಅದು.

‘ಹೊಟ್ಟೇಲಿ ಗಡ್ಡೆ ಇದೆ ಅಂದ್ರು ಡಾಕ್ಟ್ರು,’ ಅವಳು ಕನ್ನಡಿಗೆ ಹೇಳಿದಳು. ‘ಮೂರು ತಿಂಗಳಾಯ್ತು. ಮನೆಯವ್ರನ್ನ ಕರ್ಕೊಂಡು ಬನ್ನಿ, ಆಪರೇಷನ್ ಮಾಡೋಣ ಅಂದಿದ್ರು. ನಿನ್ನೆ ಮತ್ತೆ ಒಬ್ಳೇ ಹೋದೆ. ಈಗ ಹೊತ್ತು ಮೀರಿದೆ ಅಂದ್ರು.’



ಆಸ್ಪತ್ರೆಯಲ್ಲಿ ಅವಳು ಏಳು ವಾರ ಇದ್ದಳು. ಅಂಗಡಿಗೆ ಬೀಗ ಹಾಕಿ, ಮೊದಲ ದಿನ ಅವನು ತುಟಿಯಲ್ಲಿ ನಾಲ್ಕು ಸೂಜಿ ಇಟ್ಟುಕೊಂಡೇ ಹೋದ. ತನ್ನ ನಾಲಿಗೆಯ ಪರಾಕ್ರಮ ಅವನಿಗೀಗ ಗೊತ್ತಿತ್ತು. ವಾರ್ಡಿನ ಬಾಗಿಲಲ್ಲಿ ನರ್ಸು ಕೈ ಚಾಚಿದಳು.

‘ಏನ್ ಯಜಮಾನ್ರೇ ಇದು, ಮುಳ್ಳುಹಂದಿ ಥರ? ಕೊಡಿ ಇಲ್ಲಿ.’

ಸೂಜಿಯಿಲ್ಲದೆ ಬಾಯಿ ಮುಚ್ಚಿಕೊಂಡಿರುವ ವಿದ್ಯೆಯನ್ನು ಅವನು ಐವತ್ತೆಂಟನೆಯ ವಯಸ್ಸಿನಲ್ಲಿ ಕಲಿತ. ಅವಳು ಹೇಳಿದಳು: ಸತ್ತ ತಮ್ಮನ ಬಗ್ಗೆ, ಹುಟ್ಟದ ಮಕ್ಕಳ ಬಗ್ಗೆ, ಅವನ ಬಗ್ಗೆ ಇಟ್ಟುಕೊಂಡಿದ್ದ ಹದಿನಾಲ್ಕು ದೂರುಗಳನ್ನೂ. ನಡುವೆ ದಣಿದು ಮಾತು ನಿಲ್ಲಿಸಿದಾಗ ಆ ಖಾಲಿ ಜಾಗಕ್ಕೆ ಅವನು ನುಗ್ಗಲಿಲ್ಲ.

ಏಳನೆಯ ವಾರ ಅವಳ ದನಿ ಪಿಸುಮಾತಿಗೆ ಇಳಿದಿತ್ತು. ‘ನಂದು ಮುಗೀತು,’ ಎಂದಳು. ‘ಈಗ ನೀವು ಹೇಳಿ. ಆ ಹೆಡ್ಮಾಸ್ತರ ಪ್ಯಾಂಟು ಏನಾಯ್ತು?’

ಹೇಳಲೆಂದು ಅವನು ಬಾಯಿ ತೆರೆದ. ಬಂದದ್ದು ‘ಹೂಂ’ ಒಂದೇ.